ಕಾಯಿಲೆಗಳ ಲೆಕ್ಕ ಬೇರೆ ಬೇರೆ ಬರೆಯಿರಿ



ಪ್ರಿಯ ಸಹೋದರರೇ, ಈ ಪಾಠ ಎಲ್ಲರಿಗೂ ಇದೆ. ಆದರೆ ರೂಮಿನಲ್ಲಿ ಯಾರೂ ನೋಡದ ಹಾಗೆ ಮಾತ್ರೆ ನುಂಗುವ ಸಹೋದರನನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಲಿವರಿನಲ್ಲಿ ಹೆಪಟೈಟಿಸ್ ಬಿ, ಅದರ ಮೇಲೆ ಶುಗರ್, ಬಿಪಿ, ಬೆನ್ನುನೋವು. ಮಾತ್ರೆಯ ಡಬ್ಬಿಗಳೆಲ್ಲ ಪೆಟ್ಟಿಗೆಯ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿ. ಮನೆಗೆ ಫೋನ್ ಮಾಡಿದಾಗ ಮಾತ್ರ "ಆರಾಮವಾಗಿದ್ದೇನೆ" ಎಂಬ ಒಂದೇ ಉತ್ತರ.

ನಾನು ಡಾಕ್ಟರೂ ಅಲ್ಲ, ಆಲಿಮನೂ ಅಲ್ಲ. ಮದ್ರಸದಲ್ಲಿ ಸ್ವಲ್ಪ ಕಲಿತು, ಬಿ.ಕಾಂ. ಮಾಡಿ, ಲೆಕ್ಕ ಬರೆದು ಬದುಕುವವನು. ಆದರೆ ಆ ಡಬ್ಬಿಗಳು ನನ್ನ ಪೆಟ್ಟಿಗೆಯಲ್ಲೂ ಇದ್ದವು. ರಜೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ಶಿಬಿರದಲ್ಲಿ ರಕ್ತ ಕೊಟ್ಟೆ. ಕೆಲವು ದಿನಗಳ ನಂತರ ಕರೆದು ಹೆಪಟೈಟಿಸ್ ಬಿ ಇದೆ ಎಂದರು. ಎರಡು ವರ್ಷದೊಳಗೆ ಶುಗರ್ ಬಂತು, ಆಮೇಲೆ ಬಿಪಿ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು: "ನನ್ನ ಕಥೆ ಮುಗಿಯಿತು."

ಗಂಟು ಬಿಚ್ಚಿ ನೋಡಿ

ಎಲ್ಲ ಬಿಲ್‌ಗಳನ್ನೂ ಒಂದೇ ಚೀಲಕ್ಕೆ ತುಂಬಿದರೆ ಅಂಗಡಿ ಮುಳುಗಿದಂತೆಯೇ ಕಾಣುತ್ತದೆ. ಒಂದೊಂದಾಗಿ ಹೊರತೆಗೆದು ಬರೆದಾಗ ಯಾವುದು ದೊಡ್ಡದು, ಯಾವುದು ಚಿಕ್ಕದು, ಯಾವುದಕ್ಕೆ ಇನ್ನೂ ಸಮಯವಿದೆ ಎಂದು ತಿಳಿಯುತ್ತದೆ. ಕಾಯಿಲೆಗಳೂ ಹಾಗೆಯೇ. ನಾಲ್ಕನ್ನೂ ಸೇರಿಸಿ ಒಂದು ಗಂಟು ಕಟ್ಟಿದರೆ ಆ ಭಾರ ಯಾವ ಎದೆಗೂ ತಡೆಯದು.

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಮೊದಲನೆಯದು ನನ್ನ ಕೆಲಸ: ದಿನದ ಮಾತ್ರೆ, ಊಟದ ಹತೋಟಿ, ಪರೀಕ್ಷೆಯ ತಾರೀಕು. ಎರಡನೆಯದು ಡಾಕ್ಟರ ಕೆಲಸ: ಯಾವ ಮದ್ದು, ಎಷ್ಟು, ಎಲ್ಲಿಯವರೆಗೆ. ಮೂರನೆಯದು ಅಲ್ಲಾಹನದ್ದು: ಆಯುಷ್ಯ, ಶಿಫಾ, ನಾಳೆ. ರಾತ್ರಿ ನಮ್ಮ ನಿದ್ದೆ ಕೆಡಿಸುವುದೆಲ್ಲ ಸಾಮಾನ್ಯವಾಗಿ ಮೂರನೆಯ ಕಾಲಮಿನದ್ದು. ಮೊದಲನೆಯ ಕಾಲಂ ತುಂಬಿ ಮೂರನೆಯದನ್ನು ಅವನಿಗೆ ಒಪ್ಪಿಸುವುದೇ ತವಕ್ಕುಲ್. ಮೊದಲನೆಯದನ್ನು ಖಾಲಿ ಬಿಟ್ಟು ಒಪ್ಪಿಸಿದೆ ಎನ್ನುವುದು ತವಕ್ಕುಲ್ ಆಗುವುದಿಲ್ಲ.

ನಾಚಿಕೆ ಯಾಕೆ?

ಹೆಪಟೈಟಿಸ್ ಬಿ ಎಂದೊಡನೆ ಜನ ಚಾರಿತ್ರ್ಯದ ಬಗ್ಗೆ ಪಿಸುಗುಡುತ್ತಾರೆ. ಸಂಗತಿ ತಿಳಿದಿರಲಿ. ದೊಡ್ಡವರಾದ ಮೇಲೆ ಈ ವೈರಸ್ ತಗುಲಿದವರಲ್ಲಿ 100ರಲ್ಲಿ 5ಕ್ಕಿಂತ ಕಡಿಮೆ ಮಂದಿಗೆ ಮಾತ್ರ ಅದು ದೀರ್ಘಕಾಲ ಉಳಿಯುತ್ತದೆ. ಹೆರಿಗೆಯ ಹೊತ್ತಿನಲ್ಲಿ ಅಥವಾ ಎಳೆಯ ಮಗುವಾಗಿದ್ದಾಗ ತಗುಲಿದರೆ ಸುಮಾರು 95 ಮಂದಿಯಲ್ಲಿ ಉಳಿಯುತ್ತದೆ. ಅಂದರೆ ನಮ್ಮಲ್ಲಿ ಅನೇಕರಿಗೆ ಇದು ತೊಟ್ಟಿಲಿನ ಕಾಲದ್ದು. ತಾಯಿಗೂ ಗೊತ್ತಿರಲಿಲ್ಲ, ಆಕೆಯ ತಪ್ಪೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ನೀವು ಒಬ್ಬರೇ ಅಲ್ಲ.

ಒಂದೇ ತಟ್ಟೆಯಲ್ಲಿ ಇಫ್ತಾರ್ ಮಾಡಿದರೆ, ಕೈ ಕುಲುಕಿದರೆ, ಅಪ್ಪಿಕೊಂಡರೆ, ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತರೆ ಇದು ಹರಡುವುದಿಲ್ಲ. ಹರಡುವುದು ರಕ್ತದಿಂದ, ದಾಂಪತ್ಯ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಆದ್ದರಿಂದ ರೇಜರ್, ಬ್ಲೇಡ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಯಾರೊಂದಿಗೂ ಹಂಚಿಕೊಳ್ಳಬೇಡಿ. ರೂಮಿನಲ್ಲಿ ಯಾರೋ ಮಾಡುವ ಹಿಜಾಮಕ್ಕೆ ಕೂರಬೇಡಿ. ಹೆಂಡತಿ, ಮಕ್ಕಳಿಗೆ ರಕ್ತಪರೀಕ್ಷೆ ಮಾಡಿಸಿ, ಇಲ್ಲದವರಿಗೆ ಲಸಿಕೆ ಹಾಕಿಸಿ. ನಿಕಾಹ್ ಆಗಬೇಕಾದ ತಮ್ಮಂದಿರೇ, ಮೊದಲೇ ತಿಳಿಸಿ, ಲಸಿಕೆಯಾದ ಮೇಲೆ ಮದುವೆಯಾಗಿ. ಇದರಿಂದ ಯಾರ ಮದುವೆಯೂ ನಿಲ್ಲಬೇಕಾಗಿಲ್ಲ.

ಅತ್ತರೆ ಸಬ್ರ್ ಕೆಡುವುದಿಲ್ಲ

"ಈಮಾನ್ ಇದ್ದರೆ ಹೀಗೆ ಕುಗ್ಗುತ್ತಿದ್ದೆಯಾ?" ಎಂದು ನನಗೆ ಒಬ್ಬರು ಹೇಳಿದ್ದರು. ಆ ಮಾತು ಕಾಯಿಲೆಗಿಂತ ಹೆಚ್ಚು ನೋಯಿಸಿತು. ಸೂರಃ ಯೂಸುಫ್ ಓದಿ. ಯಾಕೂಬ್(ಅ) ಮಗನನ್ನು ಕಳೆದುಕೊಂಡಾಗ ಸುಂದರವಾದ ಸಬ್ರ್‌ನ ಮಾತನಾಡಿದರು. ಅದೇ ಯಾಕೂಬ್(ಅ) ದುಃಖದಿಂದ ಕಣ್ಣು ಬೆಳ್ಳಗಾಗುವಷ್ಟು ಕೊರಗಿದರು, ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಒಬ್ಬರೇ ಪ್ರವಾದಿಯಲ್ಲಿ ಸಬ್ರ್ ಕೂಡ ಇತ್ತು, ಕಣ್ಣೀರೂ ಇತ್ತು. ನಮ್ಮ ಪ್ರವಾದಿ(ಸ) ತಮ್ಮ ತಲೆನೋವನ್ನು ಆಯಿಶಾ(ರ)ರಲ್ಲಿ ಹೇಳಿಕೊಂಡದ್ದು ಬುಖಾರಿಯಲ್ಲಿದೆ. ನೋವನ್ನು ನೋವು ಎನ್ನುವುದು ಅಲ್ಲಾಹನ ಮೇಲಿನ ದೂರು ಅಲ್ಲ.

ಉಪವಾಸ ಮತ್ತು ಮದ್ದು

ನನ್ನ ತಪ್ಪನ್ನು ಹೇಳುತ್ತೇನೆ. ಒಂದು ರಮಝಾನಿನಲ್ಲಿ ಲಿವರಿನ ಮಾತ್ರೆ ನಿಲ್ಲಿಸಿದೆ. ಊರಿನಿಂದ ಕಾಮಾಲೆಯ ನಾಟಿ ಮದ್ದು ಬಂದಿತ್ತು, "ಇದರಲ್ಲಿ ಎಷ್ಟೋ ಜನ ಗುಣವಾಗಿದ್ದಾರೆ" ಎಂದಿದ್ದರು. ಶವ್ವಾಲ್ ಮುಗಿಯುವ ಹೊತ್ತಿಗೆ ನನ್ನ ಲಿವರ್ ಪರೀಕ್ಷೆಯ ಅಂಕಿ ಹಲವು ಪಟ್ಟು ಏರಿತ್ತು. ಊರಿನಲ್ಲಿ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ, ಹೆಸರು ನಾಟಿ ಮದ್ದಿಗೆ ಹೋಗುತ್ತದೆ. ನಮ್ಮದು ಬೇರೆ ವೈರಸ್. ಟೆನೋಫೋವಿರ್, ಎಂಟೆಕಾವಿರ್‌ನಂತಹ ಮಾತ್ರೆಗಳು ಅದನ್ನು ಅದುಮಿ ಇಡುತ್ತವೆ. ತಟ್ಟನೆ ಬಿಟ್ಟರೆ ಅದು ಹೆಡೆ ಎತ್ತುತ್ತದೆ.

ಈ ಮಾತ್ರೆ ದಿನಕ್ಕೊಂದೇ, ರಾತ್ರಿಗೆ ಹೊಂದಿಸಬಹುದು. ಆದರೆ ಎಂಟೆಕಾವಿರ್ ಖಾಲಿ ಹೊಟ್ಟೆಯಲ್ಲಿ, ಊಟದ ಹಿಂದೆ ಮುಂದೆ ಎರಡೆರಡು ಗಂಟೆ ಬಿಟ್ಟು ತೆಗೆದುಕೊಳ್ಳಬೇಕು. ಹೊತ್ತನ್ನು ಡಾಕ್ಟರಲ್ಲಿ ಕೇಳಿ ಗೊತ್ತುಮಾಡಿ. ಶುಗರಿನ ಮದ್ದು, ಇನ್ಸುಲಿನ್ ಇರುವವರು ಡಾಕ್ಟರನ್ನು ಕಾಣದೆ ಉಪವಾಸ ಹಿಡಿಯಬೇಡಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಿ. ಬೆರಳು ಚುಚ್ಚಿ ನೋಡಿದರೆ ಉಪವಾಸ ಮುರಿಯುವುದಿಲ್ಲ. ಬೆನ್ನುನೋವಿಗೆ ಹೋದ ಡಾಕ್ಟರಿಗೂ ಹೆಪಟೈಟಿಸ್ ಇದೆ ಎಂದು ಹೇಳಿ. ಸ್ಟಿರಾಯ್ಡ್ ಈ ವೈರಸ್ಸನ್ನು ಎಬ್ಬಿಸಬಹುದು, ನೋವಿನ ಮಾತ್ರೆ ಕಿಡ್ನಿಗೆ ಭಾರವಾಗಬಹುದು.

ಡಾಕ್ಟರು ಬೇಡವೆಂದಾಗ ಉಪವಾಸ ಬಿಡಲು ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಎಲ್ಲರೂ ಇಫ್ತಾರಿಗೆ ಕೂತಾಗ ನಾನು ಹೊರಗಿನವನು ಅನಿಸುತ್ತದೆ. ಆದರೆ ಸೂರಃ ಅಲ್‌ಬಕರದ 184, 185ನೇ ವಚನಗಳಲ್ಲಿ ರೋಗಿಗೆ ರಿಯಾಯಿತಿ ಕೊಟ್ಟವನು ಉಪವಾಸವನ್ನು ಕಡ್ಡಾಯ ಮಾಡಿದ ಅದೇ ಅಲ್ಲಾಹನು. ಗುಣವಾಗುವವನು ಮುಂದೆ ಕಝಾ ತೀರಿಸುತ್ತಾನೆ. ಗುಣವಾಗುವ ನಿರೀಕ್ಷೆಯಿಲ್ಲದವನು ದಿನಕ್ಕೊಬ್ಬ ಬಡವನಿಗೆ ಉಣಿಸುತ್ತಾನೆ. ನಿಮ್ಮ ಲೆಕ್ಕ ಯಾವುದೆಂದು ನಿಮ್ಮ ಉಸ್ತಾದರಲ್ಲಿ ಕೇಳಿ.

ಕೆಲಸ ಹೋದರೆ?

ಈ ಭಯ ಸುಳ್ಳಲ್ಲ. ಕೊಚ್ಚಿಯಲ್ಲೋ ಚೆನ್ನೈಯಲ್ಲೋ ಮುಂಬೈಯಲ್ಲೋ ವೀಸಾ ಸೆಂಟರಿನ ಮೆಡಿಕಲ್‌ಗೆ ಸಾಲಲ್ಲಿ ನಿಂತ ದಿನ ನಮಗೆ ಯಾರಿಗೂ ಮರೆತಿಲ್ಲ. ಆದರೆ ರೂಮಿನ ಗಾಳಿಮಾತು ಕೇಳಿ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಕಾಯಿಲೆ ನಿಮಗೆ ಗೊತ್ತಿದ್ದೂ ಮದ್ದಿಲ್ಲದೆ ಬೆಳೆದರೆ ಕೆಲಸವೂ ಉಳಿಯದು, ಲಿವರೂ ಉಳಿಯದು. ಲೆಕ್ಕದವನಾಗಿ ನಾನು ಕೆಟ್ಟ ಸಾಧ್ಯತೆಯನ್ನೂ ಬರೆದು ನೋಡಿದೆ: ಊರಿಗೆ ಹೋಗಬೇಕಾಗಿ ಬಂದರೆ? 2018ರ ಜುಲೈ 28ರಂದು ಭಾರತ ಸರಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಪರೀಕ್ಷೆ, ಮದ್ದು ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಹಾಗೆ ಬರೆದ ರಾತ್ರಿ ನನಗೆ ನಿದ್ದೆ ಬಂತು. ಹೆಸರಿಟ್ಟು ಬರೆದ ಭಯ ಅರ್ಧ ಇಳಿಯುತ್ತದೆ.

ಒಬ್ಬರಿಗಾದರೂ ಹೇಳಿ

ಇಡೀ ಕ್ಯಾಂಪಿಗೆ ಹೇಳಬೇಕಾಗಿಲ್ಲ. ಗುಟ್ಟು ಕಾಯುವ ಒಬ್ಬರು ಸಾಕು. ನಾನು ಮೊದಲು ಹೇಳಿದ್ದು ನನ್ನ ಹೆಂಡತಿಗೆ. ಆಕೆ ಒಂದು ನಿಮಿಷ ಸುಮ್ಮನಿದ್ದು, "ಇಷ್ಟು ದಿನ ಒಬ್ಬರೇ ಹೊತ್ತಿರಲ್ಲ, ಇವತ್ತಿನ ಮಾತ್ರೆ ತಗೊಂಡ್ರಾ?" ಎಂದು ಕೇಳಿದಳು. ಈಗಲೂ ದಿನಾ ಇಶಾ ಆದ ಮೇಲೆ ಅದೇ ಪ್ರಶ್ನೆ ಬರುತ್ತದೆ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದೂ ಕಾಯಿಲೆಯೇ. ಅದಕ್ಕೂ ಡಾಕ್ಟರಿದ್ದಾರೆ. ಕತಾರಿನ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ 16000. ಬದುಕು ಬೇಡ ಎಂಬ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಪಕ್ಕದ ಮಂಚದವನನ್ನು ಎಬ್ಬಿಸಿ, 999ಕ್ಕೆ ಕರೆ ಮಾಡಿ. ಪಕ್ಕದ ಮಂಚದ ಸಹೋದರನೇ, ಎಬ್ಬಿಸಿದರೆ ಉಪದೇಶ ಮಾಡಬೇಡ. ಜೊತೆಯಲ್ಲಿ ಕೂತುಕೋ.

ಇಂದಿನ ಕೆಲಸ

1. ಮೂರು ಕಾಲಮಿನ ಹಾಳೆ ಬರೆಯಿರಿ.
2. ಎಲ್ಲ ಮಾತ್ರೆಗಳ ಹೆಸರನ್ನು ಒಂದೇ ಚೀಟಿಯಲ್ಲಿ ಬರೆದು ಹೆಲ್ತ್ ಕಾರ್ಡಿನ ಜೊತೆ ಇಡಿ.
3. ಲಿವರಿನ ಮುಂದಿನ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಯಾವಾಗ ಎಂದು ಕೇಳಿ ತಾರೀಕು ಗುರುತು ಮಾಡಿ.
4. ಈ ರಮಝಾನ್ ಮುಗಿಯುವ ಮೊದಲು ಒಬ್ಬರಿಗೆ ಹೇಳಿ.

ನಮ್ಮ ರೋಗಿಗಳಿಗೆ ಅಲ್ಲಾಹನು ಶಿಫಾ ನೀಡಲಿ, ಕಾಯುತ್ತಿರುವ ಮನೆಯವರ ಕಣ್ಣು ತಂಪಾಗಿಸಲಿ. ಆಮೀನ್.