ನೀರಿಗೆ ಅಂಜದ, ಬಿದ್ದರೂ ಕೆಡದ ಲ್ಯಾಪ್‌ಟಾಪ್: ವಿನ್ಯಾಸ ಮತ್ತು ವೆಚ್ಚದ ಲೆಕ್ಕ

ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ, ಉಗ್ರಾಣದಲ್ಲಿ, ಕಾರ್ಖಾನೆಯ ಯಂತ್ರಗಳ ನಡುವೆ ಇಂದು ಲ್ಯಾಪ್‌ಟಾಪ್ ಕಾಣದ ವ್ಯವಹಾರ ವಿರಳ. ಬಿಲ್ಲು, ದಾಸ್ತಾನು, ತೆರಿಗೆಯ ವಿವರ ಎಲ್ಲವೂ ಅದರಲ್ಲಿಯೇ ಇರುತ್ತವೆ. ಒಂದು ಲೋಟ ಚಹಾ ಚೆಲ್ಲಿದರೆ ಯಂತ್ರದ ಬೆಲೆಯ ಜೊತೆಗೆ ಆ ದಿನದ ವಹಿವಾಟೂ ಹೋಗುತ್ತದೆ. ಆದ್ದರಿಂದ ‘ವಾಟರ್‌ಪ್ರೂಫ್’, ‘ಮಿಲಿಟರಿ ದರ್ಜೆ’ ಎಂಬ ಮಾತುಗಳಿಗೆ ಹಣ ತೆರುವ ಮುನ್ನ ಅಂತಹ ಯಂತ್ರದ ವಿನ್ಯಾಸದ ತತ್ತ್ವವನ್ನು ಅರಿಯುವುದು ಅಗತ್ಯ. ಕೊಳ್ಳುವ ವರ್ತಕರಿಗೂ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಇದು ಉಪಯುಕ್ತ.

ಮೊದಲ ಪ್ರಶ್ನೆ ಬಿಸಿಯದು

ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಫ್ಯಾನು ಮತ್ತು ಗಾಳಿಕಿಂಡಿಗಳು ಪ್ರೊಸೆಸರಿನ ಬಿಸಿಯನ್ನು ಹೊರಹಾಕುತ್ತವೆ. ಬಿಸಿ ಹೊರಹೋಗುವ ಕಿಂಡಿಯೇ ನೀರು ಒಳಬರುವ ದಾರಿ. ಕಿಂಡಿ ಮುಚ್ಚಿದರೆ ಬಿಸಿ ಒಳಗೇ ಉಳಿದು ಯಂತ್ರ ನಿಧಾನವಾಗುತ್ತದೆ, ಅದರ ಆಯುಷ್ಯವೂ ಕುಗ್ಗುತ್ತದೆ. ಹೀಗಾಗಿ ನೀರುನಿರೋಧಕ ವಿನ್ಯಾಸವು ರಬ್ಬರಿನಿಂದಲ್ಲ, ಕಡಿಮೆ ವಿದ್ಯುತ್ತು ಬಳಸುವ ಪ್ರೊಸೆಸರಿನ ಆಯ್ಕೆಯಿಂದ ಆರಂಭವಾಗುತ್ತದೆ.

‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಸಂಸ್ಥೆಯು ಬಡ ರಾಷ್ಟ್ರಗಳ ಶಾಲಾಮಕ್ಕಳಿಗಾಗಿ ರೂಪಿಸಿದ ಎಕ್ಸ್‌ಒ-1 ಇದಕ್ಕೆ ಉತ್ತಮ ನಿದರ್ಶನ. 2007ರಲ್ಲಿ ಇದರ ತಯಾರಿಕೆ ಆರಂಭವಾಯಿತು. ಇದರಲ್ಲಿ ಫ್ಯಾನು ಇರಲಿಲ್ಲ, ತಿರುಗುವ ಹಾರ್ಡ್‌ಡಿಸ್ಕಿನ ಬದಲು 1 ಜಿಬಿ ಫ್ಲಾಶ್ ಸ್ಮರಣೆ ಇತ್ತು. ಮುಖ್ಯ ಫಲಕವನ್ನು ಪರದೆಯ ಹಿಂದೆ ನಿಲ್ಲಿಸಿದ್ದರಿಂದ ಬಿಸಿ ತಾನಾಗಿಯೇ ಹೊರಹೋಗುತ್ತಿತ್ತು. ಕೀಲಿಮಣೆಯನ್ನು ಒಂದೇ ರಬ್ಬರು ಹಾಳೆಯಿಂದ ಮುಚ್ಚಲಾಗಿತ್ತು. ಆಂಟೆನಾದ ಎರಡು ‘ಕಿವಿ’ಗಳನ್ನು ಮಡಿಸಿದರೆ ಅವೇ ಯುಎಸ್‌ಬಿ ಕಿಂಡಿಗಳಿಗೆ ಮುಚ್ಚಳವಾಗುತ್ತಿದ್ದವು. ಒಂದು ಭಾಗದಿಂದ ಎರಡು ಕೆಲಸ ಪಡೆದು ವೆಚ್ಚ ಉಳಿಸುವ ಈ ಕ್ರಮವು ಯಾವುದೇ ತಯಾರಕರಿಗೆ ಪಾಠವಾಗಬಲ್ಲದು. ಆದರೂ 100 ಡಾಲರಿನ ಗುರಿ ಇಟ್ಟುಕೊಂಡಿದ್ದ ಯಂತ್ರದ ಬೆಲೆ 2007ರಲ್ಲಿ ಸುಮಾರು 188 ಡಾಲರಿಗೆ ಏರಿತು.

ನೀರನ್ನು ಎದುರಿಸುವ ಮೂರು ಉಪಾಯಗಳು

1. ದಾರಿ ಕೊಡುವುದು: ಥಿಂಕ್‌ಪ್ಯಾಡ್ ಶ್ರೇಣಿಯ ಹಲವು ಮಾದರಿಗಳಲ್ಲಿ ಕೀಲಿಮಣೆಯ ಮೇಲೆ ಚೆಲ್ಲಿದ ದ್ರವವು ಒಳಗಿನ ಕಾಲುವೆಗಳ ಮೂಲಕ ಹರಿದು ತಳದ ರಂಧ್ರಗಳಿಂದ ಹೊರಬೀಳುತ್ತದೆ. ಇದು ಕಡಿಮೆ ವೆಚ್ಚದ ಉಪಾಯ. ಆದರೆ ಇದರ ರಕ್ಷಣೆ ಮೇಲಿನಿಂದ ಬಿದ್ದ ಅಲ್ಪ ಪ್ರಮಾಣದ ದ್ರವಕ್ಕೆ ಮಾತ್ರ ಸೀಮಿತ.

2. ತಡೆಯುವುದು: ಜೋಡಣೆಯ ಅಂಚುಗಳಲ್ಲಿ ಸಿಲಿಕೋನ್ ಮುಂತಾದ ಗ್ಯಾಸ್ಕೆಟ್ ಕೂರಿಸಿ, ಎಲ್ಲೆಡೆ ಸಮನಾದ ಒತ್ತಡ ಬರುವಂತೆ ಸ್ಕ್ರೂಗಳನ್ನು ಬಿಗಿಯಲಾಗುತ್ತದೆ. ಬಹುಕಾಲ ಒತ್ತಿದ ರಬ್ಬರು ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ದುರಸ್ತಿಗೆ ತೆರೆದ ಯಂತ್ರವನ್ನು ಹಳೆಯ ಗ್ಯಾಸ್ಕೆಟ್‌ನಿಂದಲೇ ಮುಚ್ಚಿದರೆ ಮೊದಲಿನ ರಕ್ಷಣೆ ಉಳಿಯುತ್ತದೆಂಬ ಭರವಸೆ ಇಲ್ಲ.

3. ಉಸಿರಾಡಿಸುವುದು: ಬಿಸಿಯಾದ ಯಂತ್ರ ಹಠಾತ್ತನೆ ತಣಿದರೆ ಒಳಗಿನ ಗಾಳಿಯ ಒತ್ತಡ ಇಳಿದು, ಅಂಚಿನಲ್ಲಿರುವ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಸೂಕ್ಷ್ಮರಂಧ್ರಗಳ ತೆಳುಪೊರೆಯನ್ನು ಅಳವಡಿಸುವುದು ಇದಕ್ಕೆ ಪರಿಹಾರ.

ಪೆಟ್ಟು ತಾಳುವ ಕವಚ

ಪ್ಯಾನಸೋನಿಕ್ ಸಂಸ್ಥೆಯ ಟಫ್‌ಬುಕ್ ಶ್ರೇಣಿ 1996ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಕವಚಕ್ಕೆ ಮೆಗ್ನೀಸಿಯಂ ಮಿಶ್ರಲೋಹವನ್ನು ಆರಿಸಲು ಕಾರಣ ಸರಳ: ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಮೆಗ್ನೀಸಿಯಂ ಸುಮಾರು 1.74 ಗ್ರಾಂ ತೂಗುತ್ತದೆ. ಕವಚ ಗಟ್ಟಿಯಾಗಿದ್ದರಷ್ಟೇ ಸಾಲದು. ಒಳಗಿನ ಫಲಕ ಮತ್ತು ಪರದೆ ಮೆತ್ತನೆಯ ಆಧಾರದ ಮೇಲೆ ಕುಳಿತು ಪೆಟ್ಟನ್ನು ನಿಧಾನವಾಗಿ ಹೀರಬೇಕು. ಮೆಗ್ನೀಸಿಯಂಗೆ ಒಂದು ದೌರ್ಬಲ್ಯವೂ ಉಂಟು. ಉಪ್ಪುನೀರಿನ ಸಂಪರ್ಕದಲ್ಲಿ ಉಕ್ಕಿನ ಸ್ಕ್ರೂ ತಾಗಿದೆಡೆ ಅದು ಬೇಗ ಸವೆಯುತ್ತದೆ. ಆದ್ದರಿಂದ ಲೇಪನವೂ ವಿನ್ಯಾಸದ ಅಂಗವೇ ಆಗಿದೆ.

ಚೀಟಿಯ ಮೇಲಿನ ಸಂಖ್ಯೆಯನ್ನು ಓದುವ ಬಗೆ

‘ಐಪಿ’ ಸಂಕೇತವು ಐಇಸಿ 60529 ಮಾನಕಕ್ಕೆ ಸೇರಿದ್ದು. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 4 ಎಂದರೆ ಎಲ್ಲ ದಿಕ್ಕಿನ ಸಿಂಚನ, 5 ಎಂದರೆ ಕೊಳವೆಯ ಧಾರೆ, 7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷದ ಮುಳುಗಡೆ. 2010ರ ಟಫ್‌ಬುಕ್ ಸಿಎಫ್-31ಕ್ಕೆ ಇದ್ದುದು ಐಪಿ65. ಅಂದರೆ ದೂಳು ಒಳಹೋಗದು, ಧಾರೆ ತಾಳಬಲ್ಲದು, ಆದರೆ ಮುಳುಗಿಸಲು ಆ ಸಂಖ್ಯೆ ಅನುಮತಿ ಕೊಡುವುದಿಲ್ಲ. ಅಂತೆಯೇ 7 ಇದ್ದ ಮಾತ್ರಕ್ಕೆ 5 ತಾನಾಗಿ ಸಿದ್ಧಿಸುವುದಿಲ್ಲ. ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ. ಸಮುದ್ರದ ನೀರು, ಸಕ್ಕರೆ ಹಾಕಿದ ಚಹಾ, ಸಾಬೂನು ನೀರು ಆ ಲೆಕ್ಕಕ್ಕೆ ಬರುವುದಿಲ್ಲ.

‘ಮಿಲಿಟರಿ ದರ್ಜೆ’ ಎಂದರೆ ಬಹುಮಟ್ಟಿಗೆ ಅಮೆರಿಕದ ಮಿಲ್-ಎಸ್‌ಟಿಡಿ-810 ಮಾನಕ. ಇದರ ಬೀಳಿಕೆಯ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 6 ಮುಖ, 12 ಅಂಚು, 8 ಮೂಲೆಗಳ ಮೇಲೆ ಒಟ್ಟು 26 ಬಾರಿ ಬೀಳಿಸಲಾಗುತ್ತದೆ. ಈ 26 ಬೀಳಿಕೆಗಳನ್ನು ಐದರವರೆಗಿನ ಯಂತ್ರಗಳಲ್ಲಿ ಹಂಚಲು ಅವಕಾಶವಿದೆ. ಮಾನಕದಲ್ಲಿ ಅನೇಕ ಪರೀಕ್ಷೆಗಳಿರುವುದರಿಂದ ಯಾವುದನ್ನು, ಯಾವ ಪ್ರಯೋಗಾಲಯದಲ್ಲಿ ಮಾಡಿಸಲಾಗಿದೆ ಎಂಬ ವರದಿಯನ್ನು ಖರೀದಿದಾರರು ಲಿಖಿತವಾಗಿ ಕೇಳತಕ್ಕದ್ದು.

ಲೆಕ್ಕದ ಮೇಜಿನ ಮೇಲೆ

ಒಂದು ಕಾಲ್ಪನಿಕ ಉದಾಹರಣೆ. ತೇವ ಮತ್ತು ದೂಳಿನ ಕೆಲಸದ ಜಾಗದಲ್ಲಿ 50,000 ರೂಪಾಯಿಯ ಸಾಮಾನ್ಯ ಯಂತ್ರ ಎರಡು ವರ್ಷ ಬಾಳುತ್ತದೆ ಎನ್ನೋಣ. ಆರು ವರ್ಷಕ್ಕೆ ಮೂರು ಯಂತ್ರ, 1,50,000 ರೂಪಾಯಿ. ನಡುವೆ ಎರಡು ಬಾರಿ ಕೆಟ್ಟಾಗ ತಲಾ ನಾಲ್ಕು ದಿನದ ಕೆಲಸ ನಿಂತು, ದಿನಕ್ಕೆ 3,000ದಂತೆ ನಷ್ಟ ಮತ್ತು ಲೆಕ್ಕ ಮರುದಾಖಲೆಗೆ 8,000 ಸೇರಿ 40,000. ಒಟ್ಟು 1,90,000. ಗಟ್ಟಿ ಯಂತ್ರದ ಬೆಲೆ 1,60,000, ಗ್ಯಾಸ್ಕೆಟ್ ಮತ್ತು ಬ್ಯಾಟರಿ ಬದಲಾವಣೆಗೆ 20,000, ಒಟ್ಟು 1,80,000. ಮೇಲ್ನೋಟಕ್ಕೆ 10,000 ಉಳಿತಾಯ. ಆದರೆ ಆರಂಭದಲ್ಲೇ ಹೆಚ್ಚಾಗಿ ಹೂಡಿದ 1,10,000ಕ್ಕೆ ಶೇಕಡಾ 10ರಂತೆ ಮೊದಲ ಎರಡು ವರ್ಷದ ಬಡ್ಡಿಯೇ 22,000. ಉಳಿತಾಯ ಕರಗಿಹೋಯಿತು.

ದಿನದ ನಷ್ಟ 10,000 ರೂಪಾಯಿ ಇದ್ದರೆ ಚಿತ್ರ ಬದಲಾಗುತ್ತದೆ. ಆಗ ಸಾಮಾನ್ಯ ಯಂತ್ರದ ಒಟ್ಟು ವೆಚ್ಚ 2,46,000. ಬಡ್ಡಿ ಕಳೆದರೂ ಗಟ್ಟಿ ಯಂತ್ರವೇ ಲಾಭಕರ. ನಿರ್ಧಾರಕ ಅಂಶ ಯಂತ್ರದ ಬೆಲೆಯಲ್ಲ, ಕೆಲಸ ನಿಂತ ಒಂದು ದಿನದ ಬೆಲೆ.

ಲೆಕ್ಕಪತ್ರದ ಎರಡು ಅಂಶಗಳನ್ನೂ ಗಮನಿಸಬೇಕು. 2013ರ ಕಂಪನಿ ಕಾಯ್ದೆಯ 2ನೆಯ ಅನುಸೂಚಿ ಲ್ಯಾಪ್‌ಟಾಪಿಗೆ 3 ವರ್ಷದ ಉಪಯುಕ್ತ ಆಯುಷ್ಯ ಸೂಚಿಸಿದೆ. ಕಂಪನಿಯು 6 ವರ್ಷವೆಂದು ಎಣಿಸಿದರೆ ತಾಂತ್ರಿಕ ಸಮರ್ಥನೆ ಇರಬೇಕು, ಅದನ್ನು ಪ್ರಕಟಿಸಲೂ ಬೇಕು. ಇನ್ನು ಆದಾಯ ತೆರಿಗೆಯಲ್ಲಿ ಗಣಕಯಂತ್ರಗಳ ಸವಕಳಿ ದರವನ್ನು 2017ರ ಏಪ್ರಿಲ್‌ನಿಂದ ಶೇಕಡಾ 60ರಿಂದ 40ಕ್ಕೆ ಇಳಿಸಲಾಯಿತು. ಆಸ್ತಿ ಸಮೂಹದ ಪದ್ಧತಿಯಲ್ಲಿ, ಒಂದು ಯಂತ್ರ ಕೆಟ್ಟಿತೆಂದು ಅದರ ಉಳಿದ ಮೌಲ್ಯವನ್ನು ಆ ವರ್ಷವೇ ನಷ್ಟವಾಗಿ ಕಳೆಯಲು ಸಾಮಾನ್ಯವಾಗಿ ಬರುವುದಿಲ್ಲ.

ಸಾರಾಂಶ

ಒಣಗಿದ ಕಚೇರಿಗೆ ದ್ರವ ಹರಿದುಹೋಗುವ ಕೀಲಿಮಣೆಯ ಸಾಧಾರಣ ಯಂತ್ರ ಸಾಕು. ಮಳೆ, ದೂಳು, ಸಾಗಾಟದ ನಡುವೆ ದುಡಿಯುವವರು ತಮ್ಮ ಒಂದು ದಿನದ ನಷ್ಟವನ್ನು ಬರೆದಿಟ್ಟುಕೊಂಡು ಅಂಗಡಿಗೆ ಹೋಗುವುದು ಒಳಿತು. ಗ್ಯಾಸ್ಕೆಟ್, ಕವಚ, ರಬ್ಬರು ಭಾಗಗಳನ್ನು ತಯಾರಿಸುವವರು ಬೆಂಗಳೂರಿನ ಪೀಣ್ಯದಲ್ಲಿರುವ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರದಂತಹ ಪ್ರಯೋಗಾಲಯಗಳನ್ನು ವಿಚಾರಿಸಬಹುದು. ಪರೀಕ್ಷಾ ವರದಿ ಕೈಯಲ್ಲಿದ್ದರೆ ಬೆಲೆಯ ಮಾತುಕತೆಗೆ ಬಲ ಬರುತ್ತದೆ. ಯಂತ್ರ ಎಷ್ಟೇ ಗಟ್ಟಿಯಾಗಿರಲಿ, ಕಳವಿನಿಂದ ಅದು ಲೆಕ್ಕವನ್ನು ಕಾಯಲಾರದು. ದಿನದ ವಹಿವಾಟಿನ ಪ್ರತಿಯೊಂದು ಬೇರೆಡೆ ಇರುವುದು ಎಲ್ಲ ದರ್ಜೆಯ ಯಂತ್ರಕ್ಕೂ ಅನ್ವಯಿಸುವ ನಿಯಮ.