ನೋವಿಲ್ಲದ ಹುಣ್ಣು: ಬಾಯಿ ಮತ್ತು ಗಂಟಲಿನ ಅರ್ಬುದ ರೋಗ

ತಲೆ ಮತ್ತು ಕತ್ತಿನ ಕ್ಯಾನ್ಸರ್ ಎಂದೊಡನೆ ಅನೇಕರು ಮಿದುಳಿನ ಗಡ್ಡೆಯನ್ನು ನೆನೆಯುತ್ತಾರೆ. ವೈದ್ಯಶಾಸ್ತ್ರದಲ್ಲಿ ಈ ಹೆಸರಿನ ಅರ್ಥ ಬೇರೆ. ತುಟಿ, ನಾಲಗೆ, ಗಲ್ಲದ ಒಳಭಾಗ, ವಸಡು, ಅಂಗುಳ, ಗಂಟಲು, ಧ್ವನಿಪೆಟ್ಟಿಗೆ, ಮೂಗು, ಜೊಲ್ಲಿನ ಗ್ರಂಥಿಗಳು ಇವುಗಳಲ್ಲಿ ಹುಟ್ಟುವ ಅರ್ಬುದಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಮಿದುಳು ಮತ್ತು ಕಣ್ಣಿನವು ಈ ಗುಂಪಿಗೆ ಸೇರುವುದಿಲ್ಲ. ಭಾರತದ ಪುರುಷರಲ್ಲಿ ಅತ್ಯಧಿಕವಾಗಿ ಕಾಣುತ್ತಿರುವುದು ತುಟಿ ಮತ್ತು ಬಾಯಿಯ ಕ್ಯಾನ್ಸರ್. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಬಾಯಿಯ ವಿಚಾರವನ್ನೇ ವಿಸ್ತಾರವಾಗಿ ನೋಡೋಣ.

ಪಾಶ್ಚಾತ್ಯ ದೇಶಗಳಲ್ಲಿ ಗಂಟಲಿನ ಅರ್ಬುದಕ್ಕೆ ಒಂದು ಬಗೆಯ ವೈರಾಣು ಮುಖ್ಯ ಕಾರಣಗಳಲ್ಲೊಂದು. ನಮ್ಮಲ್ಲಿ ರೋಗವು ಬಹುಮಟ್ಟಿಗೆ ನಾವೇ ತೋರಿಸಿಕೊಟ್ಟ ಜಾಗದಲ್ಲಿ ಬೇರೂರುತ್ತದೆ. ತಂಬಾಕು, ಸುಣ್ಣ, ಅಡಿಕೆಗಳ ಮಿಶ್ರಣವನ್ನು ಯಾವ ಗಲ್ಲದ ಸಂದಿನಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತೇವೆಯೋ ಅಲ್ಲಿಯೇ ಹುಣ್ಣು ಏಳುವುದನ್ನು ವೈದ್ಯರು ನಿತ್ಯ ಕಾಣುತ್ತಾರೆ. ಬೀಡಿ, ಸಿಗರೇಟಿನ ಜೊತೆಗೆ ಮದ್ಯವೂ ಕೂಡಿದರೆ ಅಪಾಯವು ಕೇವಲ ಕೂಡುವುದಿಲ್ಲ, ಗುಣಿಸುತ್ತದೆ.

ತಂಬಾಕಿನ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಹೇಳಲು ಸಂಕೋಚವಾಗುವುದು ಅಡಿಕೆಯ ಮಾತು. ಅದು ನಮ್ಮ ಮಂಗಳಕಾರ್ಯಗಳ ಗೌರವದ ವಸ್ತು, ಮಲೆನಾಡಿನ ಸಾವಿರಾರು ಕುಟುಂಬಗಳ ಅನ್ನ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದೇ ಸಾರಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟಖಾವನ್ನು ನಿಷೇಧಿಸಿತು. ಅನಂತರ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಅಂಗಡಿಗೆ ಬಂದವು. ಬೆರೆಸುವ ಕೆಲಸ ಮಾತ್ರ ತಿನ್ನುವವನ ಅಂಗೈಗೆ ಬಂತು.

ಅಡಿಕೆ ಅಗಿಯುವವರ ಬಾಯಲ್ಲಿ ಮೊದಲು ಕಾಣುವುದು ಖಾರ ತಾಳಲಾರದ ಉರಿ. ಬಳಿಕ ಗಲ್ಲದ ಮೆತ್ತನೆಯ ಒಳಪೊರೆ ಬಿಳಿಚಿ, ಪಟ್ಟಿಪಟ್ಟಿಯಾಗಿ ಬಿಗಿಯುತ್ತದೆ. ಬಾಯಿ ತೆರೆಯುವಿಕೆ ತಿಂಗಳು ತಿಂಗಳಿಗೆ ಕುಗ್ಗುತ್ತದೆ. ಆರೋಗ್ಯವಂತನ ಬಾಯಲ್ಲಿ ಅವನದೇ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಸಬೇಕು. ಎರಡೇ ಹಿಡಿಸಿದರೆ ತಡಮಾಡದೆ ದಂತವೈದ್ಯರಲ್ಲಿಗೆ ಹೋಗಬೇಕು. ಇದು ಇನ್ನೂ ಕ್ಯಾನ್ಸರ್ ಅಲ್ಲ, ಅದರ ಹಿಂದಿನ ಮೆಟ್ಟಿಲು. ಉಜ್ಜಿದರೂ ಹೋಗದ ಬಿಳಿ ಮಚ್ಚೆಯೂ ಅಂಥದೇ. ಮಖಮಲ್ಲಿನಂಥ ಕೆಂಪು ಮಚ್ಚೆ ಬಿಳಿಯದಕ್ಕಿಂತ ಹೆಚ್ಚು ಅಪಾಯಕರ.

ಇಲ್ಲಿಯೇ ನಾವೆಲ್ಲ ಮೋಸಹೋಗುವುದು. ಸಾಮಾನ್ಯ ಬಾಯಿಹುಣ್ಣು ಪ್ರಾಣ ಹಿಂಡುವಷ್ಟು ನೋಯುತ್ತದೆ, ಹತ್ತು ದಿನಗಳಲ್ಲಿ ಮಾಯುತ್ತದೆ. ಅರ್ಬುದದ ಹುಣ್ಣು ಆರಂಭದಲ್ಲಿ ಬಹುಶಃ ನೋಯುವುದೇ ಇಲ್ಲ. ನೋವಿಲ್ಲದ್ದನ್ನು ರೋಗವೆಂದು ಎಣಿಸದ ನಮ್ಮ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ದಿನ ತಳ್ಳುತ್ತಾರೆ. ನೋವು ಬರುವ ಹೊತ್ತಿಗೆ ರೋಗವು ಕತ್ತಿನ ದುಗ್ಧಗ್ರಂಥಿಗಳಿಗೆ ಇಳಿದಿರುವುದುಂಟು. ಮೂರು ವಾರಗಳಲ್ಲಿ ಮಾಯದ ಹುಣ್ಣು, ಅಷ್ಟೇ ಕಾಲ ಉಳಿದ ಗೊಗ್ಗರು ದನಿ, ಕತ್ತಿನಲ್ಲಿ ಗಟ್ಟಿ ಗಂಟು, ನುಂಗುವಾಗ ಅಡ್ಡಿ, ಕಾರಣವಿಲ್ಲದೆ ಅಲುಗುವ ಹಲ್ಲು, ಒಂದೇ ಕಿವಿಯ ನೋವು, ಒಂದೇ ಹೊಳ್ಳೆಯಿಂದ ಮತ್ತೆ ಮತ್ತೆ ರಕ್ತ: ಇವುಗಳಲ್ಲಿ ಒಂದಿದ್ದರೂ ಪರೀಕ್ಷೆ ಮಾಡಿಸಬೇಕು.

ಬಾಯಿಯನ್ನು ನೋಡಲು ಯಂತ್ರ ಬೇಡ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು ಬಾಯಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗಿತು. ನಾವೂ ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು, ಗಲ್ಲವನ್ನು ಬೆರಳಿನಿಂದ ಸರಿಸಿ, ನಾಲಗೆಯನ್ನು ಮೇಲೆತ್ತಿ, ಅದರ ಎರಡೂ ಅಂಚುಗಳನ್ನು ನೋಡಿಕೊಳ್ಳಬಹುದು.

ಸಂಶಯ ಬಂದರೆ ವೈದ್ಯರು ಹುಣ್ಣಿನ ಅಂಚಿನಿಂದ ಚಿಕ್ಕ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದೇ ಬಯಾಪ್ಸಿ. "ಕತ್ತರಿ ತಾಗಿದರೆ ರೋಗ ಹರಡುತ್ತದೆ" ಎಂಬ ಮಾತು ಎಷ್ಟೋ ಜನರನ್ನು ಆಸ್ಪತ್ರೆಯ ಬಾಗಿಲಿನಿಂದಲೇ ಹಿಂತಿರುಗಿಸಿದೆ. ಅದು ಸುಳ್ಳು. ಹರಡಲು ಬಿಡುವುದು ಕತ್ತರಿಯಲ್ಲ, ಕಳೆದುಹೋದ ತಿಂಗಳುಗಳು. ಚಿಕ್ಕದಿರುವಾಗ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಇವೆರಡರಲ್ಲಿ ಒಂದೇ ಸಾಕಾಗುವುದುಂಟು. ಬೆಳೆದ ಮೇಲೆ ಎರಡೂ ಬೇಕು, ಕೆಲವೊಮ್ಮೆ ಕಿಮೊಥೆರಪಿಯೂ. ವಿಕಿರಣಕ್ಕೆ ಮೊದಲು ಹಲ್ಲುಗಳನ್ನು ತಪಾಸಣೆ ಮಾಡಿಸಿ, ಕೆಟ್ಟವನ್ನು ತೆಗೆಸಿಕೊಳ್ಳಬೇಕು. ಅನಂತರ ತೆಗೆದರೆ ದವಡೆಯ ಗಾಯ ಮಾಯುವುದು ಕಷ್ಟ.

ವೆಚ್ಚದ ಭಯವೂ ತಡಕ್ಕೆ ಕಾರಣ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಕೇಂದ್ರಗಳಿವೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ. ಗುಣವಾದ ಮೇಲೂ ತಂಬಾಕು ಬಿಡದವರಲ್ಲಿ ಬಾಯಿಯ ಇನ್ನೊಂದೆಡೆ ಹೊಸ ಅರ್ಬುದ ಹುಟ್ಟುವ ಸಂಭವ ಹೆಚ್ಚು. ಬಿಡಬೇಕೆಂದರೂ ಬಿಡಲಾಗದವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.