ಹಳೆಯ ಯಂತ್ರಕ್ಕೆ ಹೊಸ ಲೈಬ್ರರಿ

ನಮ್ಮ ಶಾಲೆಗೆ ದಾನಿಗಳೊಬ್ಬರಿಂದ ಹಳೆಯ ಗಣಕಯಂತ್ರವೊಂದು ದೊರೆತಿದೆ. ಅದರ ಪ್ರೊಸೆಸರು 1993ರಲ್ಲಿ ಹೊರಬಂದ ಮೊದಲ ಪೆಂಟಿಯಂ ಜಾತಿಯದು. ಅದನ್ನು ಮೂಲೆಗೆಸೆಯಲು ಮನಸ್ಸು ಬಾರದೆ, ವಿದ್ಯಾರ್ಥಿಗಳೊಡಗೂಡಿ ಅದಕ್ಕೆ ಲಿನಕ್ಸ್ ವ್ಯವಸ್ಥೆಯನ್ನು ಮೂಲದಿಂದಲೇ ಕಟ್ಟತೊಡಗಿದೆವು.

ಈ ಕಾರ್ಯದಲ್ಲಿ ಮೊದಲಿಗೆ ಬೇಕಾದುದು ಗ್ನು ಸಿ ಲೈಬ್ರರಿ. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಾಲಯವಲ್ಲ. ಕಡತ ತೆರೆಯುವುದು, ಅಕ್ಷರ ಮೂಡಿಸುವುದು ಮೊದಲಾದ ನಿತ್ಯದ ಕೆಲಸಗಳಿಗೆ ಸಿದ್ಧಪಡಿಸಿಟ್ಟ ಆಜ್ಞೆಗಳ ಸಂಗ್ರಹ. ಬಹುತೇಕ ಪ್ರೋಗ್ರಾಮುಗಳು ಇದನ್ನೇ ಆಶ್ರಯಿಸಿರುವುದರಿಂದ, ಇದು ಕೆಟ್ಟರೆ ಕಡತಗಳ ಪಟ್ಟಿ ತೋರಿಸುವ ಸಣ್ಣ ಪ್ರೋಗ್ರಾಮೂ ನಡೆಯದು.

ಹಳೆಯ ಯಂತ್ರ ನಿಧಾನಗತಿಯದಾದ ಕಾರಣ ಲೈಬ್ರರಿಯನ್ನು ಹೊಸ ಯಂತ್ರದಲ್ಲಿ ಐ686 ವರ್ಗಕ್ಕೆಂದು ಕಟ್ಟಿ ಒಯ್ದೆವು. ಫಲವೇನು? 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಸಾರಿ ಪ್ರೋಗ್ರಾಮು ನಿಂತಿತು. 1995ರ ಪೆಂಟಿಯಂ ಪ್ರೊ ತಂದ 'ಸಿಮೂವ್' ಎಂಬ ಆಜ್ಞೆ ಅದಕ್ಕಿಂತ ಹಳೆಯ ಈ ಪ್ರೊಸೆಸರಿಗೆ ತಿಳಿಯದು.

ಹಾಗಾದರೆ ಎಲ್ಲಕ್ಕಿಂತ ಕೆಳಗಿನ ಐ386 ವರ್ಗವೇ ಕ್ಷೇಮವೆಂದು ಬಗೆದೆವು. ಅದೂ ತಪ್ಪಾಯಿತು! ಈ ಸಲ ಲೈಬ್ರರಿ ಕಟ್ಟಿ ಮುಗಿಯಲೇ ಇಲ್ಲ. ಕಾರಣವನ್ನು ಹೀಗೆ ತಿಳಿಯಬಹುದು. ಒಂದೇ ಹಾಜರಿ ಪುಸ್ತಕದಲ್ಲಿ ಇಬ್ಬರು ಬರೆಯುತ್ತಿದ್ದಾರೆನ್ನೋಣ. ಒಬ್ಬನು 20 ಎಂಬುದನ್ನು ನೋಡಿ 21 ಎಂದು ತಿದ್ದುವಷ್ಟರಲ್ಲಿ ಇನ್ನೊಬ್ಬನೂ ಅದೇ 20ನ್ನು ನೋಡಿ 21 ಎಂದೇ ಬರೆದರೆ ಒಂದು ಎಣಿಕೆ ತಪ್ಪಿಹೋಗುತ್ತದೆ. ಆದುದರಿಂದ ನೋಡುವುದೂ ಬದಲಿಸುವುದೂ ಅಖಂಡವಾದ ಒಂದೇ ಕ್ರಿಯೆಯಾಗಬೇಕು. ಇದಕ್ಕೆ ತಕ್ಕ ಆಜ್ಞೆ 1985ರ 80386ರಲ್ಲಿ ಇರಲಿಲ್ಲ; 1989ರ 80486ರಲ್ಲಿ ಬಂದಿತು. ಲೈಬ್ರರಿಗೆ ಅದು ಅನಿವಾರ್ಯ. ಆಜ್ಞೆಯನ್ನು ಬಳಸಲಾಗದ ಕಂಪೈಲರು 'ಸಿಂಕ್' ಎಂಬ ಪದವುಳ್ಳ ಸಹಾಯಕನ ಹೆಸರೊಂದನ್ನು ಬರೆದಿಟ್ಟು ಸುಮ್ಮನಾಗುತ್ತದೆ. ಜೋಡಣೆಯ ವೇಳೆಯಲ್ಲಿ ಆ ಸಹಾಯಕನು ಎಲ್ಲಿಯೂ ಸಿಕ್ಕುವುದಿಲ್ಲ. ಅರ್ಥವಾಗದ ಆ ದೋಷವಾಕ್ಯದ ಮುಂದೆ ನಾವು ಎರಡು ಸಂಜೆಗಳನ್ನು ಕಳೆದುದುಂಟು.

ಕೊನೆಗೆ ಐ586 ವರ್ಗವನ್ನು ಆರಿಸಿದೆವು. ಇದನ್ನು ಎರಡು ಕಡೆ ತಿಳಿಸತಕ್ಕದ್ದು: ಕಾನ್ಫಿಗರ್ ಹಂತದಲ್ಲಿ ಯಂತ್ರದ ಹೆಸರಾಗಿ, ಕಂಪೈಲರಿಗೆ 'ಮಾರ್ಚ್' ಸೂಚನೆಯಾಗಿ. ಏಕೆಂದರೆ ಕೈಯಿಂದ ಬರೆದ ಅಸೆಂಬ್ಲಿ ಭಾಗಗಳನ್ನು ಆರಿಸುವುದು ಯಂತ್ರದ ಹೆಸರು. ಸಿ ಭಾಷೆಯ ಭಾಗಗಳನ್ನು ಆಳುವುದು ಎರಡನೆಯ ಸೂಚನೆ. ಅದನ್ನು ಬರೆಯುವಾಗ 'ಓ2' ಎಂಬುದನ್ನು ಬಿಡಬಾರದು. ಆಪ್ಟಿಮೈಸೇಷನ್ ಇಲ್ಲದೆ ಈ ಲೈಬ್ರರಿ ಕಂಪೈಲ್ ಆಗಲು ಒಪ್ಪದು.

ಹೊಸ ಯಂತ್ರವು ಎಲ್ಲ ಆಜ್ಞೆಗಳನ್ನೂ ಬಲ್ಲುದಾದ್ದರಿಂದ ಅಲ್ಲಿ ಮಾಡಿದ ಪರೀಕ್ಷೆ ದೋಷವನ್ನು ಮರೆಮಾಡುತ್ತದೆ. ಆದಕಾರಣ ಹೊಸ ಲೈಬ್ರರಿಯನ್ನು ಹಳೆಯ ಯಂತ್ರದಲ್ಲಿಯೇ ಬೇರೊಂದು ಕೋಶದಲ್ಲಿರಿಸಿ, ಅದರ ಲೋಡರಿನ ಮೂಲಕ ಸಣ್ಣ ಪ್ರೋಗ್ರಾಮೊಂದನ್ನು ನಡೆಸಿ ನೋಡಿದೆವು. ಅದು ಶಾಲೆಯ ಹೆಸರನ್ನು ತೆರೆಯ ಮೇಲೆ ಮೂಡಿಸಿದ ಮೇಲಷ್ಟೇ ಹಳೆಯ ಲೈಬ್ರರಿಯನ್ನು ತೆಗೆದೆವು.